ಬಿಳಿ ವೈನ್ ಬಾಟಲಿ ಮನೆಗೆ ಬಂದರೆ

ಬಿಳಿ ವೈನ್ ಹಸಿರು ದ್ರಾಕ್ಷಿಯಿಂದ ಮಾತ್ರ ಆಗುತ್ತದೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಜಾಸ್ತಿ ಅದರಿಂದಲೇ ಮಾಡುತ್ತಾರೆ, ನಿಜ. ಆದರೆ ಒಂದು ಕಪ್ಪು ದ್ರಾಕ್ಷಿ ಸುಲಿದು ನೋಡಿ, ಒಳಗಿನ ತಿರುಳಿಗೆ ಬಣ್ಣವೇ ಇರುವುದಿಲ್ಲ. ಬಣ್ಣವೆಲ್ಲ ಸಿಪ್ಪೆಯಲ್ಲಿ, ಅಲ್ವಾ? ಫ್ರಾನ್ಸಿನವರು ಶಾಂಪೇನ್‌ಗೆ, ಅಂದರೆ ಅವರ ನೊರೆಯುಕ್ಕುವ ಬಿಳಿ ವೈನಿಗೆ, ಪಿನೋ ನ್ವಾರ್ ಅನ್ನುವ ಕಪ್ಪು ದ್ರಾಕ್ಷಿಯನ್ನೂ ಬಳಸಲು ಆಗುವುದು ಅದಕ್ಕೇ.

ಕೆಂಪು ವೈನ್ ಸಿಪ್ಪೆ ಸಮೇತ ಹುದುಗುತ್ತದೆ. ಬಿಳಿಯದಕ್ಕೆ ಹಣ್ಣು ಕೊಯ್ದ ಮೇಲೆ ತಡಮಾಡದೆ ಮೆಲ್ಲಗೆ ಹಿಂಡಿ, ಸಿಪ್ಪೆ ಬೀಜ ಬೇರೆ ಮಾಡಿ, ರಸವನ್ನು ತಣ್ಣಗಿಟ್ಟು ಗಸಿ ಕೆಳಗೆ ಕೂತ ಮೇಲೆ ತಿಳಿಯನ್ನಷ್ಟೇ ಬಸಿದುಕೊಳ್ಳುತ್ತಾರೆ. ಆಮೇಲೆ ಯೀಸ್ಟ್ ಕೆಲಸ. ಅದು ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ, ಗ್ಯಾಸ್ ಹೊರಗೆ ಹೋಗುತ್ತದೆ. ಇದೆಲ್ಲ ಸಾಮಾನ್ಯವಾಗಿ 12ರಿಂದ 18 ಡಿಗ್ರಿಯೊಳಗೆ ನಿಧಾನಕ್ಕೆ ನಡೆಯಬೇಕು, ಬಿಸಿಯಾದರೆ ಹಣ್ಣಿನ ಘಮ ಹಾರಿಹೋಗುತ್ತದೆ. ನಮ್ಮ ನಂದಿಬೆಟ್ಟದ ಕಡೆ ಕೊಯ್ಲು ಬರುವುದೇ ಬಿಸಿಲು ಏರುವ ಕಾಲಕ್ಕೆ, ಹಾಗಾಗಿ ತಂಪು ಮಾಡುವ ಸ್ಟೀಲ್ ಟ್ಯಾಂಕ್ ಇಲ್ಲದೆ ಆಗುವುದಿಲ್ಲ.

ಮನೆಯಲ್ಲೂ ಅದಕ್ಕೆ ತಂಪೇ ಬೇಕು. ಫ್ರಿಜ್ಜಿನ ತಲೆ ಮೇಲೆ, ಒಲೆ ಪಕ್ಕದ ಶೆಲ್ಫಿನಲ್ಲಿ ಶೋಕಿಗೆ ನಿಲ್ಲಿಸಬೇಡಿ. ದಿಢೀರ್ ಅಂತ ನೆಂಟರು ಬಂದರೆ ಬಕೆಟ್ಟಿಗೆ ಐಸ್, ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿ ಮುಳುಗಿಸಿ, ಬೇಗ ತಣಿಯುತ್ತದೆ. ಫ್ರೀಜರಿಗೆ ಇಟ್ಟು ಮರೆತು ಮಲಗಿದರೆ ಬೆಳಿಗ್ಗೆ ಗಾಜು ಆರಿಸುವ ಕೆಲಸ.

ತಳದಲ್ಲಿ ಸಕ್ಕರೆ ಹರಳಿನಂಥದ್ದು ಕಂಡರೆ ಗಾಜಿನ ಚೂರು ಅಂತ ಗಾಬರಿಯಾಗಿ ಚೆಲ್ಲುವವರಿದ್ದಾರೆ. ಸಾಮಾನ್ಯವಾಗಿ ಅದು ದ್ರಾಕ್ಷಿಯದೇ ಹುಳಿ, ತಂಪಿಗೆ ಹರಳುಗಟ್ಟಿರುತ್ತದೆ. ಬೆರಳಲ್ಲಿ ಹಿಸುಕಿ ನೋಡಲು ಹೋಗಬೇಡಿ, ಸುಮ್ನೆ ಬಟ್ಟೆಯಲ್ಲಿ ಸೋಸಿ.

ಮುಚ್ಚಳ ತೆಗೆದ ಮೇಲೆ ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ, ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಕುಡಿಯುವವರಿಲ್ಲವಾ, ಐಸ್ ಟ್ರೇಗೆ ಸುರಿದಿಡಿ. ಅಣಬೆಯನ್ನೋ ಸೀಗಡಿಯನ್ನೋ ಬೆಳ್ಳುಳ್ಳಿ ಜೊತೆ ಬಾಡಿಸುವಾಗ ಎರಡು ತುಂಡು ಹಾಕಿ, ಹಸಿ ವಾಸನೆ ಹೋಗುವವರೆಗೂ ಕುದಿಸಿ, ಕೆನೆ ಹಾಕುವುದಿದ್ದರೆ ಆಮೇಲೆ. ಸ್ಟೀಲ್ ಬಾಣಲೆಯೇ ಇರಲಿ, ಕಬ್ಬಿಣದ್ದಕ್ಕೆ ಹಾಕಿದರೆ ಹುಳಿಗೆ ಲೋಹದ ರುಚಿ ಬಿಡುತ್ತದೆ. ಅಡುಗೆಗೆ ಹಾಕಿದ್ದೀರಿ ಅಂತ ಊಟಕ್ಕೆ ಬಂದವರಿಗೆ ಮೊದಲೇ ಹೇಳಿಬಿಡಿ. ಎಷ್ಟು ಕುದಿಸಿದರೂ ಆಲ್ಕೋಹಾಲ್ ಪೂರ್ತಿ ಹೋಗುವುದಿಲ್ಲ.