ಬಟ್ಟಲು ಖಾಲಿಯಾಗಲೇಬೇಕು ಅನ್ನೋ ಹಟ ಬಿಡಿ

ಮಗುವಿನ ಬೊಜ್ಜಿನ ಚಿಂತೆ ಮನೆಯಲ್ಲಿ ಶುರುವಾಗುವುದು ಶಾಲೆಯ ಯೂನಿಫಾರ್ಮ್ ಬಿಗಿಯಾದಾಗ. ಅಷ್ಟೊತ್ತಿಗೆ ಐದಾರು ವರ್ಷದ ಅಭ್ಯಾಸ ಗಟ್ಟಿಯಾಗಿ ಕೂತಿರುತ್ತದೆ. ತಡೆಯುವ ಕೆಲಸಕ್ಕೆ ಕೈ ಹಾಕಬೇಕಾದದ್ದು ತಾಯಿ ಬಸುರಿಯಾದಾಗಲೇ. ಅದೂ ತಾಯಿಯೊಬ್ಬಳ ಕೆಲಸವಲ್ಲ. ಗಂಡ, ಅತ್ತೆ, ಅಮ್ಮ ಎಲ್ಲರೂ ಸೇರಬೇಕು.

ಹಂತ 1: ಬಸುರಿನಲ್ಲಿ ಎರಡು ಸಲ ಸಕ್ಕರೆ ಪರೀಕ್ಷೆ

ಮೊದಲ ತಪಾಸಣೆಯಲ್ಲೇ ಒಮ್ಮೆ ಮಾಡಿಸಿ. ಅದು ಸರಿಯಿದ್ದರೂ 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ. 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಸುರಿನ ಸಕ್ಕರೆ ಕಾಯಿಲೆ ಎಂದು ಲೆಕ್ಕ. ‘ಒಂದು ಸಲ ನಾರ್ಮಲ್ ಬಂತಲ್ಲ’ ಎಂದು ಎರಡನೆಯದನ್ನು ಬಿಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಬಿಡಬೇಡಿ. 1997-98ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಗೆ, ಅಂದರೆ ಊರವರ ಮಿಷನ್ ಆಸ್ಪತ್ರೆಗೆ ಬರುತ್ತಿದ್ದ ಬಸುರಿಯರನ್ನೂ ಅವರ ಮಕ್ಕಳನ್ನೂ ವೈದ್ಯರು ವರ್ಷಗಟ್ಟಲೆ ಗಮನಿಸಿದರು. ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವರ್ಷಕ್ಕೇ ಮೈಕೊಬ್ಬು ಜಾಸ್ತಿ ಕಂಡಿತು.

‘ಇಬ್ಬರ ಊಟ ಮಾಡು’ ಅನ್ನುವ ಮಾತನ್ನೂ ನಿಲ್ಲಿಸಿ. ಬಸುರಿಗೆ ದಿನಕ್ಕೆ ಹೆಚ್ಚಾಗಿ ಬೇಕಿರುವುದು ಸುಮಾರು 350 ಕ್ಯಾಲೊರಿ. ಎರಡು ಚಪಾತಿ, ಒಂದು ಬಟ್ಟಲು ತೊವ್ವೆ ಅಷ್ಟೆ.

ಹಂತ 2: ಆರು ತಿಂಗಳು ಬರೀ ಎದೆಹಾಲು

ಹುಟ್ಟಿದ ಒಂದು ಗಂಟೆಯೊಳಗೆ ಶುರು. ನೀರು ಬೇಡ, ಜೇನಂತೂ ಬೇಡವೇ ಬೇಡ. ಬಾಣಂತಿಗೆ ಅಂಟಿನುಂಡೆಗಿಂತ ಮುಖ್ಯವಾಗಿ ಬೇಕಿರುವುದು ನಿದ್ದೆ. ರಾತ್ರಿ ಹಾಲು ಕುಡಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗು ತರಿಸಲು, ಒದ್ದೆ ಬಟ್ಟೆ ಬದಲಿಸಲು ಗಂಡನಿಗೇನು ಕಷ್ಟ? ‘ಹಾಲು ಸಾಲ್ತಿಲ್ಲ’ ಎಂದು ಮನೆಯವರೇ ತೀರ್ಮಾನಿಸಿ ಡಬ್ಬಿ ತರಬೇಡಿ. ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಡಾಕ್ಟರೇ ಹೇಳಿದರೆ ಮಾತ್ರ ಡಬ್ಬಿ ಹಾಲು. ಅದರ ಜಾಹೀರಾತನ್ನೇ ನಮ್ಮ ದೇಶದಲ್ಲಿ 1992ರ ಕಾಯ್ದೆ ನಿಷೇಧಿಸಿದೆ.

ಹಂತ 3: ತಿನ್ನಿಸುವುದು

ಎಡವಟ್ಟಾಗುವುದು ಇಲ್ಲೇ. ಆರು ತಿಂಗಳು ತುಂಬಿದ ಮೇಲೆ ಎರಡು ಮೂರು ಚಮಚ ರಾಗಿ ಸರಿಯಿಂದ ಶುರು ಮಾಡಿ. ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟೇ ಆಗಬೇಕು. ಅಂಗಡಿಯ ಪ್ಯಾಕೆಟ್ ನನಗೆ ಸರಿಬರುವುದಿಲ್ಲ. ತರುವುದೇ ಆದರೆ ಹಿಂಬದಿ ಓದಿ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರೆಯಬೇಕೆಂಬ ನಿಯಮವಿದೆ. ಮೊದಲ ಮೂರರಲ್ಲಿ ಸಕ್ಕರೆ ಇದ್ದರೆ ವಾಪಸ್ ಇಟ್ಟುಬಿಡಿ. ಎತ್ತರ ಬೆಳೆಸುವ, ಬುದ್ಧಿ ಚುರುಕಾಗಿಸುವ ಪುಡಿಗಳಿಗೂ ಇದೇ ಪರೀಕ್ಷೆ. ಸಕ್ಕರೆ, ಬೆಲ್ಲ ಎರಡು ವರ್ಷದವರೆಗೆ ಬೇಡ. ಬೆಲ್ಲ ಒಳ್ಳೇದು ಅಂತ ವಾದಿಸಬೇಡಿ, ಮಗುವಿಗೆ ಅದೂ ಸಿಹಿಯೇ.

ಒಂಬತ್ತನೇ ತಿಂಗಳ ಹೊತ್ತಿಗೆ ಊಟಕ್ಕೆ ಅರ್ಧ ಬಟ್ಟಲು, ವರ್ಷದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು. ಬಟ್ಟಲೆಂದರೆ 250 ಎಂಎಲ್‌ನದು. ಇದು ಅಂದಾಜು ಮಾತ್ರ, ಮಗುವಿಗೆ ಹಾಕಿದ ಟಾರ್ಗೆಟ್ ಅಲ್ಲ.

ಈಗ ಎಲ್ಲರೂ ಗಾಬರಿಯಾಗುವ ಜಾಗ. ಮೂರು ಕೆಜಿಯ ಮಗು ಮೊದಲ ವರ್ಷ ಮುಗಿಯುವಾಗ ಒಂಬತ್ತರ ಹತ್ತಿರ ಇರುತ್ತದೆ. ಎರಡನೇ ವರ್ಷವಿಡೀ ಏರುವುದು ಎರಡು, ಎರಡೂವರೆ ಕೆಜಿ. ಬೆಳವಣಿಗೆಯ ವೇಗ ಇಳಿದಾಗ ಹಸಿವೂ ಇಳಿಯುತ್ತದೆ, ಅಲ್ವಾ? ಮನೆಯವರು ಮಾತ್ರ ‘ಮಗು ಸೊರಗಿಹೋಯ್ತು’ ಎಂದು ಬಟ್ಟಲು ಹಿಡಿದು ಹಿಂದೆ ಓಡುತ್ತಾರೆ. ಮೊಬೈಲ್ ತೋರಿಸಿ, ಬಾಯಿ ತೆರೆದಾಗ ತುರುಕುತ್ತಾರೆ. ಹೊಟ್ಟೆ ತುಂಬಿದ್ದು ಮಗುವಿಗೇ ಗೊತ್ತಾಗದಂತೆ ಮಾಡುವ ದಾರಿ ಇದು.

ಹೀಗೆ ಮಾಡಿ. ಮನೆಯವರ ಜೊತೆ ನೆಲಕ್ಕೆ ಕೂರಿಸಿ, ಅದಕ್ಕೊಂದು ತಟ್ಟೆ ಕೊಡಿ. ಚೆಲ್ಲಲಿ, ಮೂತಿಗೆ ಬಳಿದುಕೊಳ್ಳಲಿ. ಮೊಬೈಲ್, ಟಿವಿ ಆಫ್. ಮುಖ ತಿರುಗಿಸಿದರೆ, ತುಟಿ ಬಿಗಿದರೆ, ಚಮಚ ತಳ್ಳಿದರೆ ಸಾಕು ಅಂತ ಅರ್ಥ. ಒಮ್ಮೆ ಕೇಳಿ, ಮತ್ತೆ ತಳ್ಳಿದರೆ ತಟ್ಟೆ ಎತ್ತಿ. ಹತ್ತು ನಿಮಿಷಕ್ಕೆ ಬಿಸ್ಕತ್ತು ಕೊಟ್ಟು ಸಮಾಧಾನ ಮಾಡಿದರೆ ಎಲ್ಲ ವ್ಯರ್ಥ. ಮುಂದಿನ ಊಟ ಎರಡು ಮೂರು ಗಂಟೆ ಬಿಟ್ಟು. ವರ್ಷ ದಾಟಿದ ಮಗುವಿಗೆ ಹಸುವಿನ ಹಾಲು ದಿನಕ್ಕೆ ಅರ್ಧ ಲೀಟರ್ ಮೀರದಿರಲಿ. ಊಟ ಸೇರದ ಎಷ್ಟೋ ಮಕ್ಕಳ ಹೊಟ್ಟೆ ಬಾಟಲಿ ಹಾಲಿನಿಂದಲೇ ತುಂಬಿರುತ್ತದೆ.

ಅಜ್ಜಿಯ ಜೊತೆ ಜಗಳ ಬೇಡ. ‘ಅತ್ತೆ, ಈಗ ಸಾಕು ಅಂತಿದಾಳೆ. ನಾಲ್ಕು ಗಂಟೆಗೆ ನೀವೇ ಮೊಸರನ್ನ ಕಲಸಿಕೊಡಿ’ ಅಂದು ನೋಡಿ. ಕೆಲಸ ಅವರ ಕೈಯಲ್ಲೇ ಉಳಿಯುತ್ತದೆ, ಗಡಿಯಾರ ನಿಮ್ಮ ಕೈಯಲ್ಲಿ.

ಹಂತ 4: ನಿದ್ದೆ, ಆಟ

ಒಂದೆರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಉಳಿದ ಹೊತ್ತು ಓಡಾಡಲು ಬಿಡಿ.

ಹಂತ 5: ತೂಕದ ಜೊತೆ ಉದ್ದವನ್ನೂ ಅಳೆಸಿ

ತಾಯಿ ಕಾರ್ಡಿನಲ್ಲಿ ವಯಸ್ಸಿಗೆ ತಕ್ಕ ತೂಕದ ಗೆರೆ ನೋಡಿ ಸುಮ್ಮನಾಗಬೇಡಿ. ಆ ಗೆರೆಯಿಂದ ಬೊಜ್ಜು ಗೊತ್ತಾಗುವುದಿಲ್ಲ. ಉದ್ದಕ್ಕೆ ತಕ್ಕ ತೂಕ ಇದೆಯಾ ಎಂದು ಅಂಗನವಾಡಿ ಟೀಚರ್ ಹತ್ತಿರ ಕೇಳಿ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಅಳೆಯಬೇಕು. ತೂಕ ನಿಂತಲ್ಲೇ ನಿಂತರೆ, ಇಳಿದರೆ ಅಥವಾ ಉದ್ದವನ್ನು ಮೀರಿ ಏರಿದರೆ ಡಾಕ್ಟರ ಹತ್ತಿರ ಹೋಗಿ. ಮನೆಯಲ್ಲೇ ಡಯಟ್ ಶುರು ಮಾಡಬೇಡಿ. ಡಾಕ್ಟರ್ ಹೇಳದೆ ಹಾಲಿನ ಕೆನೆಯನ್ನೂ ತೆಗೆಯಬೇಡಿ.