ಮೊದಲು ಅಧಿಕಾರ, ಆಮೇಲೆ ಚುನಾವಣೆ: ಶಾಲಾ ಸಂಸತ್ತಿನ ನನ್ನ ಅನುಭವ

ಮಕ್ಕಳೇ ತಮ್ಮಲ್ಲೊಬ್ಬರನ್ನು ಶಾಲೆಯ ಮುಖ್ಯಮಂತ್ರಿಯಾಗಿ ಆರಿಸುವ ಶಾಲಾ ಸಂಸತ್ತಿನ ಚುನಾವಣೆ ಈಗ ಬಹಳಷ್ಟು ಶಾಲೆಗಳಲ್ಲಿ ನಡೆಯುತ್ತದೆ. ಮತದಾನ ಆಗುತ್ತದೆ, ಫೋಟೋ ತೆಗೆಯುತ್ತಾರೆ, ಪ್ರಮಾಣವಚನ ಮುಗಿಯುತ್ತದೆ. ಆಮೇಲೆ ಎಷ್ಟೋ ಕಡೆ ಗೆದ್ದ ಮುಖ್ಯಮಂತ್ರಿಗೆ ಪ್ರಾರ್ಥನೆಯಲ್ಲಿ ಸಾಲು ನಿಲ್ಲಿಸುವುದು ಬಿಟ್ಟರೆ ಬೇರೆ ಕೆಲಸವೇ ಇರುವುದಿಲ್ಲ. ಮಕ್ಕಳಿಗೆ ಇದು ಬೇಗ ಗೊತ್ತಾಗುತ್ತದೆ. ವೋಟು ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ ಅನ್ನುವ ಭಾವನೆ ಈ ವಯಸ್ಸಿನಲ್ಲೇ ಮನಸ್ಸಿಗೆ ಹೋಗಿಬಿಟ್ಟರೆ ತೆಗೆಯುವುದು ಕಷ್ಟ.

ಅದಕ್ಕೇ ನಾನು ಚುನಾವಣೆಗೂ ಮುಂಚೆ ಮುಖ್ಯ ಶಿಕ್ಷಕರ ಜೊತೆ ಕೂತು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳುತ್ತೇನೆ. ಯಾವುದನ್ನು ನಿಜವಾಗಿ ಮಕ್ಕಳ ಕೈಗೆ ಬಿಡಬಹುದು? ಆಟದ ಸಾಮಾನು ಯಾವ ದಿನ ಯಾವ ತರಗತಿಗೆ, ಗ್ರಂಥಾಲಯದ ಪುಸ್ತಕ ಮನೆಗೆ ಒಯ್ಯುವ ನಿಯಮ, ಶನಿವಾರದ ಕೊನೆಯ ಅವಧಿಯಲ್ಲಿ ಏನು ಮಾಡಬೇಕು, ಇಷ್ಟು. ಸಣ್ಣ ವಿಷಯಗಳೇ. ಆದರೆ ಅವರು ತೀರ್ಮಾನ ಮಾಡಿದ ಮೇಲೆ ನಾವು ಶಿಕ್ಷಕರು ಸುಮ್ಸುಮ್ನೆ ಬದಲಾಯಿಸುವ ಹಾಗಿಲ್ಲ. ಇದನ್ನು ಸೂಚನಾ ಫಲಕದಲ್ಲಿ ಹಾಕಿದ ಮೇಲೆಯೇ ನಾಮಪತ್ರ ಕರೆಯುತ್ತೇವೆ.

ಇದರಿಂದ ಪ್ರಚಾರದ ಬಣ್ಣವೇ ಬದಲಾಗುತ್ತದೆ. ಒಬ್ಬ ಹುಡುಗ ‘ನಾನು ಗೆದ್ದರೆ ಹೋಮ್‌ವರ್ಕ್ ರದ್ದು’ ಅಂದ. ಆರನೇ ತರಗತಿಯ ಹುಡುಗಿ ಎದ್ದು ನಿಂತು, ‘ಅದು ನಿನ್ನ ಕೈಲಿ ಇಲ್ವಲ್ಲ, ಬೋರ್ಡಲ್ಲಿ ಇರೋದರ ಬಗ್ಗೆ ಹೇಳು’ ಅಂತ ಕೇಳಿದಳು. ಭರವಸೆ ಕಿವಿಗೆ ಬಿದ್ದಾಗ ಅದನ್ನು ಕೊಟ್ಟವರ ಅಧಿಕಾರ ಎಷ್ಟು ಅಂತ ನೋಡಬೇಕು. ಆ ಹುಡುಗಿ ಅದನ್ನೇ ಮಾಡಿದಳು. ನನಗೆ ತುಂಬಾ ಖುಷಿಯಾಯಿತು.

ಮತದಾನಕ್ಕೆ 48 ಗಂಟೆ ಮೊದಲು ಬಹಿರಂಗ ಪ್ರಚಾರ ಬಂದ್, ದೊಡ್ಡವರ ಚುನಾವಣೆಯ ಹಾಗೆಯೇ. ಮತಗಟ್ಟೆಯಲ್ಲಿ ಅಧಿಕಾರಿಗಳೂ ಮಕ್ಕಳೇ. ಒಬ್ಬರು ಪಟ್ಟಿ ನೋಡಿ ಹೆಸರು ಕೂಗಬೇಕು. ಇನ್ನೊಬ್ಬರು ಸಹಿ ಹಾಕಿಸಿಕೊಂಡು ಎಡಗೈ ತೋರುಬೆರಳಿಗೆ ಗುರುತು ಹಾಕಬೇಕು. ನಾವು ಹಾಕುವುದು ಮಾರ್ಕರ್ ಪೆನ್ನಿನ ಗುರುತು. ಆದರೆ ಅಸಲಿ ಶಾಯಿ ಮೈಸೂರಿನ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುತ್ತದೆ, 1962ರ ಚುನಾವಣೆಯಿಂದ ಬಳಕೆಯಲ್ಲಿದೆ ಅಂದಾಗ ಮಕ್ಕಳ ಕಣ್ಣು ಅರಳುತ್ತದೆ.

ಈಗ ಮೊಬೈಲ್ ಆ್ಯಪ್‌ನಲ್ಲಿ ಮತಯಂತ್ರದ ಹಾಗೆ ಬಟನ್ ಒತ್ತಿಸುವ ಶಾಲೆಗಳೂ ಇವೆ. ತಪ್ಪೇನಿಲ್ಲ. ನಾನು ಮಾತ್ರ ಮತಪತ್ರವನ್ನೇ ಬಳಸುತ್ತೇನೆ, ಕಾರಣ ಎಣಿಕೆ. ಮತಪತ್ರಕ್ಕೆ ಒತ್ತುವ ಬಾಣದ ಗುರುತಿನ ಮುದ್ರೆ ನೋಡಿದ್ದೀರಲ್ವಾ? ಅಂಥದ್ದನ್ನು ಅಳಿಸುವ ರಬ್ಬರಿನಲ್ಲಿ ಕೊರೆದುಕೊಂಡಿದ್ದೇವೆ. ಚೀಟಿ ಮಡಿಚಿದಾಗ ಹಸಿ ಶಾಯಿ ಇನ್ನೊಬ್ಬ ಅಭ್ಯರ್ಥಿಯ ಮೇಲೂ ಅಂಟಬಹುದು. ಅಂಟಿದ್ದು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ, ಹಾಗಾಗಿ ಬಾಣದ ದಿಕ್ಕು ನೋಡಿ ಅಸಲಿ ಯಾವುದು ಅಂತ ಹೇಳಬಹುದು. ಮಕ್ಕಳು ಚೀಟಿಯನ್ನು ಬೆಳಕಿಗೆ ಹಿಡಿದು ತಾವೇ ಇದನ್ನು ಕಂಡುಕೊಳ್ಳುತ್ತಾರೆ. ಎರಡು ಚಿಹ್ನೆಗೂ ಮುದ್ರೆ ಒತ್ತಿದ ಚೀಟಿ ಬಂದರೆ ಎರಡೂ ಕಡೆಯ ಏಜೆಂಟರು ವಾದಕ್ಕೆ ಇಳಿಯುತ್ತಾರೆ. ವಾದ ಮುಗಿಯುವವರೆಗೆ ನಾನು ಬಾಯಿ ಹಾಕುವುದಿಲ್ಲ. ನಿಯಮದ ಹಾಳೆ ಅವರ ಮುಂದೆಯೇ ಇರುತ್ತದೆ. ಸೋತವನ ಏಜೆಂಟ್ ಲೆಕ್ಕದ ಕೆಳಗೆ ಸಹಿ ಹಾಕಿದ ಮೇಲೆಯೇ ಫಲಿತಾಂಶ.

ಒಂದು ಸಲ ಮೂವರು ನಿಂತಿದ್ದರು. ಗೆದ್ದವನಿಗಿಂತ ಉಳಿದಿಬ್ಬರ ಮತ ಸೇರಿಸಿದರೆ ಜಾಸ್ತಿ ಆಗುತ್ತಿತ್ತು. ‘ಹಾಗಾದ್ರೆ ಅವನು ಬೇಡ ಅಂದವರೇ ಜಾಸ್ತಿ ಅಲ್ವಾ ಸರ್?’ ಅಂತ ಪ್ರಶ್ನೆ ಬಂತು. ನಮ್ಮ ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲೂ ಹೀಗೇ, ಅರ್ಧಕ್ಕಿಂತ ಹೆಚ್ಚು ಬೇಕಿಲ್ಲ, ಉಳಿದವರಿಗಿಂತ ಹೆಚ್ಚು ಬಂದರೆ ಸಾಕು ಅಂದೆ. ಅಲ್ಲಿಂದ ಮಾತು ನೋಟಾಕ್ಕೆ, ಅಂದರೆ ‘ಯಾವ ಅಭ್ಯರ್ಥಿಯೂ ಬೇಡ’ ಅನ್ನುವ ಆಯ್ಕೆಗೆ ಹೋಯಿತು. 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದದ್ದು ಅದು. ಆದರೆ ಈ ಚುನಾವಣೆಗಳಲ್ಲಿ ನೋಟಾಕ್ಕೇ ಹೆಚ್ಚು ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಪಡೆದವರು ಗೆಲ್ಲುತ್ತಾರೆ. ಇದು ಸರಿಯೋ ತಪ್ಪೋ ಅಂತ ನಾನು ಹೇಳಲಿಲ್ಲ. ಮುಂದಿನ ಅವಧಿ ಪೂರ್ತಿ ಅದೇ ಚರ್ಚೆ.

ಮತದಾನದ ದಿನಕ್ಕಿಂತ ನನಗೆ ಮುಖ್ಯ ಅನ್ನಿಸುವುದು ತಿಂಗಳ ಪ್ರಶ್ನೋತ್ತರ. ಪ್ರಶ್ನೆಯನ್ನು ಮುಂಚೆಯೇ ಬರೆದು ಕೊಡಬೇಕು, ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಎಲ್ಲವೂ ನಡಾವಳಿ ಪುಸ್ತಕಕ್ಕೆ ಹೋಗಬೇಕು. ‘ಚೆಂಡು ಯಾವಾಗಲೂ ದೊಡ್ಡ ಹುಡುಗರ ಹತ್ರನೇ ಯಾಕಿರುತ್ತೆ?’ ಅಂತ ಐದನೇ ತರಗತಿಯ ಹುಡುಗಿಯರು ಕೇಳಿದಾಗ ಕ್ರೀಡಾ ಮಂತ್ರಿ ತಡವರಿಸಿದ. ಮುಂದಿನ ತಿಂಗಳು ಬರುವಾಗ ದಿನವಾರು ಪಟ್ಟಿ ಮಾಡಿಕೊಂಡು ಬಂದಿದ್ದ. ಹುಡುಗಿಯರು ಅದರಲ್ಲಿ ಎರಡು ದಿನ ತಿದ್ದಿಸಿದರು.

ನಮ್ಮ ಕೈ ಮೀರಿದ ವಿಷಯಗಳನ್ನು ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮ ಸಭೆಗೆ ಒಯ್ಯುತ್ತೇವೆ. ಶಾಲೆ ಮುಂದಿನ ಚರಂಡಿ, ಬಸ್ಸಿನ ಸಮಯ, ಇಂಥವು. ‘ಸರಿ ಮಾಡ್ಕೊಡಿ’ ಅಂದರೆ ಸಾಲದು. ಎಲ್ಲಿ, ಎಷ್ಟು ಉದ್ದ, ಯಾರಿಗೆ ತೊಂದರೆ ಅಂತ ಮಕ್ಕಳೇ ಟೇಪು ಹಿಡಿದು ಅಳೆದು ಅರ್ಜಿ ಬರೆಯುತ್ತಾರೆ. ಕೊಟ್ಟ ಅರ್ಜಿಗೆ ಸ್ವೀಕೃತಿ ತೆಗೆದುಕೊಳ್ಳುವುದನ್ನು ಈಗ ನಾನು ನೆನಪಿಸಬೇಕಿಲ್ಲ. ಎರಡನೇ ಪ್ರತಿ ಅವರ ಕೈಯಲ್ಲೇ ಇರುತ್ತದೆ.