ಕಲಬುರಗಿ ಬಿಸಿಲಿಗೆ ನಿಂತ ಗೇಮಿಂಗ್ ಪಿಸಿ: ಎಸಿ ಇಲ್ಲದ ಕೋಣೆಗೆ ಭಾಗ ಆರಿಸಿದ ಲೆಕ್ಕ

ಕಲಬುರಗಿಯಲ್ಲಿ ಏಪ್ರಿಲ್, ಮೇನಲ್ಲಿ ಹೊರಗೆ 42 ಡಿಗ್ರಿ ಇದ್ದರೆ ರಾತ್ರಿ ಎಂಟಕ್ಕೂ ಕೋಣೆಯೊಳಗೆ 37–38 ಇರುತ್ತದೆ. ಇಂಥಲ್ಲಿ ಎಸಿ ಇಲ್ಲದೆ ಗೇಮಿಂಗ್ ಪಿಸಿ ನಿಲ್ಲುವುದಿಲ್ಲ, ಲಿಕ್ವಿಡ್ ಕೂಲರ್ (ದ್ರವ ಹರಿಸಿ ಪ್ರೊಸೆಸರ್ ತಣ್ಣಗಿಡುವುದು) ಹಾಕಿಸು, ಇಲ್ಲವೇ ಆ ಆಸೆ ಬಿಡು ಎಂದವರೇ ಜಾಸ್ತಿ. ನನ್ನ ಪಿಸಿ ಬೇಸಿಗೆ ದಾಟಿದೆ. ಲಿಕ್ವಿಡ್ ಕೂಲರ್ ಇಲ್ಲ. ಖರ್ಚು ಮಾನಿಟರ್ ಬಿಟ್ಟು, ನಾನು ಕೊಂಡಾಗಿನ ಬೆಲೆಯಲ್ಲಿ, 61 ಸಾವಿರದ ಆಸುಪಾಸು.

ಎಲ್ಲರೂ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ನಾನು ವ್ಯಾಟ್‌ನಿಂದ ಶುರು ಮಾಡಿದೆ. ಗೋಡೆಯ ಪ್ಲಗ್ಗಿನಿಂದ ಎಳೆದ ಅಷ್ಟೂ ಕರೆಂಟು ಕೊನೆಗೆ ಕೋಣೆಯಲ್ಲಿ ಸೆಕೆಯಾಗಿಯೇ ಉಳಿಯುತ್ತದೆ, ಯಾವ ಕೂಲರ್ ಹಾಕಿದರೂ ಅಷ್ಟೇ. ಲಿಕ್ವಿಡ್ ಕೂಲರ್ ಆ ಬಿಸಿಯನ್ನು ಚಿಪ್ಪಿನಿಂದ ಬೇಗ ಹೊರಗೆ ತಳ್ಳುತ್ತದೆ, ಕಡಿಮೆ ಮಾಡುವುದಿಲ್ಲ. ಹಾಗಾಗಿ ಆಡುವಾಗ ಇಡೀ ಪಿಸಿ 250 ವ್ಯಾಟ್ ದಾಟಬಾರದು ಎಂದು ಮೊದಲೇ ಗೆರೆ ಎಳೆದೆ. ಮಾನಿಟರ್ 1080ಪಿ, ಅದರಾಚೆ ಆಸೆ ಇಲ್ಲ.

ಗ್ರಾಫಿಕ್ಸ್ ಕಾರ್ಡ್ ಆರ್‌ಎಕ್ಸ್ 6600, 8 ಜಿಬಿ, ಸುಮಾರು 20 ಸಾವಿರ. ಅಂಗಡಿಯಲ್ಲಿ ಆರ್‌ಟಿಎಕ್ಸ್ 3060 ತಗೊಳ್ಳಿ ಎಂದು ಹಟ ಹಿಡಿದರು. ರೇ ಟ್ರೇಸಿಂಗ್ (ಆಟದಲ್ಲಿ ಬೆಳಕು-ನೆರಳು ನೈಜವಾಗಿ ಕಾಣಿಸುವುದು) ಬೇಕಿದ್ದರೆ, 3ಡಿ ಕೆಲಸದ ಸಾಫ್ಟ್‌ವೇರ್ ಬ್ಲೆಂಡರ್ ಬಳಸುವವರಾದರೆ ಅದೇ ಸರಿ. ಬರೀ 1080ಪಿ ಆಟಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ 3060ಕ್ಕೆ 170 ವ್ಯಾಟ್, 6600ಕ್ಕೆ 132. ಆ 38 ವ್ಯಾಟ್ ಬೆಂಗಳೂರಿನಲ್ಲಿ ಲೆಕ್ಕಕ್ಕಿಲ್ಲ, ಇಲ್ಲಿ ಇದೆ. ಅಂದಹಾಗೆ ಸಾಫ್ಟ್‌ವೇರ್‌ನಲ್ಲಿ 6600 ಫುಲ್ ಲೋಡ್‌ನಲ್ಲೂ 100 ವ್ಯಾಟ್ ಆಸುಪಾಸೇ ತೋರಿಸುತ್ತದೆ. ಅದು ಚಿಪ್ಪಿನ ಲೆಕ್ಕ ಮಾತ್ರ, ಇಡೀ ಕಾರ್ಡಿನದಲ್ಲ.

ಪ್ರೊಸೆಸರ್ ರೈಜನ್ 5 5600, ಹನ್ನೊಂದೂವರೆ ಸಾವಿರ. ಎರಡು ಸಾವಿರ ಉಳಿಸಲು 5500 ಕಡೆ ಕೈ ಹೋಗುತ್ತದೆ, ಹೋಗಬಾರದು. ಅದರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ರಲ್ಲಿ 32. ಮೇಲಾಗಿ 5500ರ ಪಿಸಿಐಇ (ಗ್ರಾಫಿಕ್ಸ್ ಕಾರ್ಡಿಗೆ ಡೇಟಾ ಹೋಗುವ ದಾರಿ) ಹಳೆಯ, ನಿಧಾನದ 3.0ಕ್ಕೇ ನಿಲ್ಲುತ್ತದೆ. 6600 ಬಳಸುವುದೇ ಎಂಟು ಲೇನ್, ಅದನ್ನು 3.0ರಲ್ಲಿ ಓಡಿಸಿದರೆ ಕಾರ್ಡಿನ ಮೆಮೊರಿ ತುಂಬಿದಾಗ ಆಟ ತಡವರಿಸುತ್ತದೆ. ಇದೇ ಕಾರಣಕ್ಕೆ ಮದರ್‌ಬೋರ್ಡ್ 4.0 ಇರುವ ಬಿ550ಎಂ, ಒಂಬತ್ತೂವರೆ ಸಾವಿರ. ಎ520, ಬಿ450 ಎರಡೂ 3.0. ವಿಆರ್‌ಎಂ (ಪ್ರೊಸೆಸರ್‌ಗೆ ಕರೆಂಟು ಹದಮಾಡಿ ಕೊಡುವ ಭಾಗ) ಮೇಲೆ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಇಲ್ಲದ ಬಿ550ಗಳೂ ಮಾರುಕಟ್ಟೆಯಲ್ಲಿವೆ, ಫೋಟೋ ನೋಡಿ ಕೊಳ್ಳಿ.

5600ರ ಜೊತೆ ಡಬ್ಬಿಯಲ್ಲಿ ಬರುವ ಕೂಲರ್ ಈ ಊರಿಗೆ ಸಾಲದು. ಕೋಣೆ 38 ಇದ್ದಾಗ ಲೋಡ್ ಕೊಟ್ಟರೆ ಚಿಪ್ಪು ಹೆಚ್ಚುಕಡಿಮೆ ಅದರ ಮಿತಿಯಾದ 90 ಡಿಗ್ರಿಗೇ ಹೋಗಿ ಕೂರುತ್ತದೆ, ಅದರ ವೇಗ ಇಳಿಯುತ್ತದೆ, ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತದೆ. ಎರಡು ಸಾವಿರದ ಒಂಟಿ ಫ್ಯಾನ್ ಟವರ್ ಕೂಲರ್ ಹಾಕಿದರೆ 75ರ ಆಚೆಈಚೆ. ಬದಲಿಸುವಾಗ ಎಚ್ಚರ: ಎಎಂ4ರಲ್ಲಿ (5600 ಕೂರುವ ಸಾಕೆಟ್) ಪಿನ್ ಇರುವುದು ಪ್ರೊಸೆಸರ್‌ನಲ್ಲಿ. ಪ್ರೊಸೆಸರ್, ಕೂಲರ್ ನಡುವಿನ ಪೇಸ್ಟ್ ಒಣಗಿದ್ದರೆ ಕೂಲರ್ ಎಳೆದಾಗ ಲಾಕ್ ಹಾಕಿದ್ದರೂ ಸಾಕೆಟ್‌ನಿಂದ ಪ್ರೊಸೆಸರ್ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಹತ್ತು ನಿಮಿಷ ಪಿಸಿ ಓಡಿಸಿ, ಬಿಸಿ ಮಾಡಿ, ಆಫ್ ಮಾಡಿದ ಮೇಲೆ ಕೂಲರನ್ನು ಆಚೆಈಚೆ ತಿರುವಿ ಬಿಡಿಸಬೇಕು. ಬೋರ್ಡಿನ ಹಿಂದಿನ ಬ್ಯಾಕ್‌ಪ್ಲೇಟ್ ಎಸೆಯಬೇಡಿ, ಹೆಚ್ಚಿನ ಟವರ್‌ಗಳು ಅದನ್ನೇ ಬಳಸುತ್ತವೆ.

ರ್‍ಯಾಮ್ 8 ಜಿಬಿಯ ಎರಡು ಸ್ಟಿಕ್, 3200, ಆಗ ಮೂರೂವರೆ ಸಾವಿರ. ಈಗ ಮೆಮೊರಿ ಬೆಲೆ ಏರಿದೆ, ಈ ಅಂಕಿ ಹಿಡಿದುಕೊಂಡು ಅಂಗಡಿಗೆ ಹೋಗಬೇಡಿ. 16ರ ಒಂದೇ ಸ್ಟಿಕ್ ಕೊಡಲು ಬಂದರೆ ಬೇಡ ಎನ್ನಿ, ಎರಡು ಜೊತೆಯಾಗಿ ಓಡಿದರೆ ವೇಗ ಹೆಚ್ಚು. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ, ಪ್ರೊಸೆಸರ್‌ನಿಂದ ಎಣಿಸಿ ಎರಡನೇ, ನಾಲ್ಕನೇ ಸ್ಲಾಟ್‌ಗೆ ಹಾಕಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ್‍ಯಾಮನ್ನು ಪೂರ್ತಿ ವೇಗಕ್ಕೆ ತರುವ ಆಯ್ಕೆ) ಆನ್ ಮಾಡದಿದ್ದರೆ 2133 ಅಥವಾ 2666ರಲ್ಲೇ ತೆವಳುತ್ತಿರುತ್ತದೆ. ಎಸ್‌ಎಸ್‌ಡಿ 1 ಟಿಬಿ, ಐದು ಸಾವಿರ, ಬೇಕೆಂದೇ ಜೆನ್3, ಅಂದರೆ ಪಿಸಿಐಇ 3.0ರದ್ದು. ಲೋಡಿಂಗ್‌ನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ, ಬಿಸಿ ಕಡಿಮೆ. ಅದರ ಹೀಟ್‌ಸಿಂಕ್ ಕೆಳಗಿನ ಪ್ಲಾಸ್ಟಿಕ್ ಹಾಳೆ ಸುಲಿಯದೆ ಬಿಗಿಯುವವರಿದ್ದಾರೆ, ಮೊದಲು ಸುಲಿಯಿರಿ.

ಕ್ಯಾಬಿನೆಟ್‌ಗೆ ನಾಲ್ಕೂವರೆ ಸಾವಿರ. ಮುಂದೆ ಗಾಜು ಇದ್ದದ್ದನ್ನು ಮುಟ್ಟಲೇ ಇಲ್ಲ, ಪೂರ್ತಿ ಜಾಲರಿ ಬೇಕು. ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಬಣ್ಣದ ಲೈಟಿನ ಫ್ಯಾನುಗಳನ್ನು ನೇರ ಎಸ್‌ಎಂಪಿಎಸ್‌ನ (ಪಿಸಿಗೆ ಕರೆಂಟು ಕೊಡುವ ಪೆಟ್ಟಿಗೆ) ಮೋಲೆಕ್ಸ್ ಕನೆಕ್ಟರ್‌ಗೆ ಕೊಟ್ಟಿರುತ್ತಾರೆ, ಸದಾ ಒಂದೇ ವೇಗ. ವೇಗ ಹೊಂದಿಸಬಹುದಾದ, ಬೋರ್ಡಿಗೆ ಸೇರುವ ನಾಲ್ಕು ಪಿನ್ನಿನವು ಬೇಕು. ಒಳಗೆ ಎಳೆಯುವ ಫ್ಯಾನು ಮುಂದೆ ಎರಡು, ಹೊರಗೆ ತಳ್ಳುವುದು ಹಿಂದೆ ಒಂದು. ಒಳಗಿನ ಒತ್ತಡ ಹೆಚ್ಚಿದ್ದರೆ ಧೂಳು ಫಿಲ್ಟರ್ ಮೂಲಕವೇ ಬರಬೇಕು, ಸಂದಿಗಳಿಂದ ನುಗ್ಗುವುದು ಕಡಿಮೆ. ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ತೊಳೆಯಲೇಬೇಕು. ಧೂಳು ಊದಲು ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆಯಿರಿ.

ಏರ್ ಕೂಲರ್ ಮುಂದೆ ಪಿಸಿ ಇಟ್ಟೂ ನೋಡಿದ್ದೇನೆ. ಏಳೆಂಟು ಡಿಗ್ರಿ ಇಳಿಯುತ್ತದೆ, ಸುಳ್ಳಲ್ಲ. ಆದರೆ ಪಂಪಿನ ನೀರು ಜೋರಿದ್ದರೆ ಸಣ್ಣ ಹನಿ ಹಾರುತ್ತವೆ, ಬೋರ್‌ವೆಲ್ ನೀರಿನ ಬಿಳಿ ಪುಡಿ ಜಾಲರಿಗೆ ಅಂಟುತ್ತದೆ. ಗಾಳಿ ಪಕ್ಕದಿಂದ ಹಾದುಹೋಗುವಂತಿರಲಿ, ನೇರ ಬೇಡ, ಕಿಟಕಿ ತೆರೆದಿರಲಿ.

ನಿಜವಾದ ಲಾಭ ಸಿಕ್ಕಿದ್ದು ಕಾರ್ಡಿನ ವೋಲ್ಟೇಜ್ ಇಳಿಸಿದಾಗ. ಎಎಂಡಿ ಸಾಫ್ಟ್‌ವೇರ್‌ನಲ್ಲಿ 1150 ಮಿಲಿವೋಲ್ಟ್ ಇರುವುದನ್ನು 25ರಂತೆ ಇಳಿಸುತ್ತ, ಪ್ರತಿ ಮೆಟ್ಟಿಲಲ್ಲೂ ಒಂದೊಂದು ಗಂಟೆ ಭಾರದ ಆಟ ಆಡಿಸಬೇಕು. ಬರೀ ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ನಂಬಬೇಡಿ, ಅದರಲ್ಲಿ ಪಾಸಾದರೂ ಆಟದ ಮಧ್ಯೆ ಡ್ರೈವರ್ ಕ್ರ್ಯಾಶ್ ಆಗಬಹುದು. ನನ್ನದು ಎಲ್ಲಿ ನಿಂತಿತು ಎಂಬ ಅಂಕಿ ಕೊಡುವುದಿಲ್ಲ, ಚಿಪ್ಪಿನಿಂದ ಚಿಪ್ಪಿಗೆ ಅದು ಬೇರೆ. ಜೊತೆಗೆ ಪ್ರೊಸೆಸರ್‌ಗೆ ಬಯೋಸ್‌ನಲ್ಲಿ 45 ವ್ಯಾಟ್‌ನ, ಕರೆಂಟು ಉಳಿಸುವ ಇಕೋ ಮೋಡ್, ಆಟದ ಫ್ರೇಮ್ ಸೆಕೆಂಡಿಗೆ 75ಕ್ಕೆ ಮಿತಿ. ಗೋಡೆಯ ಮೀಟರ್‌ನಲ್ಲಿ 230ರ ಹತ್ತಿರ ಇದ್ದದ್ದು 180ಕ್ಕೆ ಬಂತು. ಕಾರ್ಡಿನ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿಯ ಜಾಗ) 95 ಡಿಗ್ರಿಯಿಂದ 80ರ ಕೆಳಗೆ.

ಎಸ್‌ಎಂಪಿಎಸ್ 650 ವ್ಯಾಟ್, ಬ್ರಾಂಜ್ (ಕರೆಂಟು ಎಷ್ಟು ಪೋಲಾಗುತ್ತದೆ ಎಂಬುದರ ದರ್ಜೆ), ಐದು ಸಾವಿರ. 180ಕ್ಕೆ 650 ಯಾಕೆ ಎಂದು ನಕ್ಕವರಿದ್ದಾರೆ. ಅರ್ಧಕ್ಕಿಂತ ಕಡಿಮೆ ಲೋಡ್‌ನಲ್ಲಿ ಅದರ ಫ್ಯಾನು ತಣ್ಣಗೆ ತಿರುಗುತ್ತದೆ, ಕರೆಂಟ್ ಹೋದಾಗ ಒಳಗಿನ ಕೆಪಾಸಿಟರ್ ಸ್ವಲ್ಪ ಹೆಚ್ಚು ಹೊತ್ತು ತಳ್ಳುತ್ತದೆ. ಒಟ್ಟು ಬಜೆಟ್ ಇಳಿಸಿ ತೋರಿಸಲು ಅಂಗಡಿಗಳು ಕೈ ಹಾಕುವುದು ಇಲ್ಲಿಗೇ, ಬಿಲ್ಲಿನಲ್ಲಿ ಹೆಸರಿಲ್ಲದ ಎಸ್‌ಎಂಪಿಎಸ್ ಸೇರಿಸುತ್ತಾರೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ಕೊಂಡರೂ ಪ್ರತಿ ಭಾಗದ ಸೀರಿಯಲ್ ನಂಬರ್ ಜಿಎಸ್‌ಟಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ವಾರಂಟಿಗೆ ಅದೇ ಆಧಾರ.

ಮನೆಯ ಇನ್ವರ್ಟರ್ ಇದ್ದರೂ ಕರೆಂಟ್ ಹೋದ ಕೂಡಲೇ ಪಿಸಿ ರೀಸ್ಟಾರ್ಟ್ ಆಗುವುದಕ್ಕೆ ಕಾರಣ ಇಷ್ಟೇ: ಎಸ್‌ಎಂಪಿಎಸ್ ಫುಲ್ ಲೋಡ್‌ನಲ್ಲಿ ಹಿಡಿದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್, ಸಾಮಾನ್ಯ ಮೋಡ್‌ನಲ್ಲಿ ಇನ್ವರ್ಟರ್ ಬದಲಾಗಲು ಅದಕ್ಕಿಂತ ಜಾಸ್ತಿ ಬೇಕು. ಇನ್ವರ್ಟರ್ ಹಿಂಭಾಗದಲ್ಲಿ ಬೇಗ ಬದಲಾಗುವ ಯುಪಿಎಸ್ ಮೋಡ್‌ನ ಸ್ವಿಚ್ ಇದ್ದರೆ ಹಾಕಿ. ಅದರಲ್ಲಿ ವೋಲ್ಟೇಜ್ 180ರ ಆಸುಪಾಸಿಗೆ ಇಳಿದ ಕೂಡಲೇ ಬ್ಯಾಟರಿಗೆ ಹೋಗುತ್ತದೆ, ಸಂಜೆ ಲೋ ವೋಲ್ಟೇಜ್ ಇರುವ ಬಡಾವಣೆಯಲ್ಲಿ ಬ್ಯಾಟರಿ ಬೇಗ ಸವೆಯುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಎಸ್‌ಎಂಪಿಎಸ್ ಗುಂಯ್‌ಗುಡುತ್ತದೆ, ಕೆಲವು ಆಫ್ ಆಗಿಯೇಬಿಡುತ್ತವೆ. ಬೇರೆ ಯುಪಿಎಸ್ ಕೊಳ್ಳುವುದಾದರೆ, 600 ವಿಎ ಯುಪಿಎಸ್ ಎಂದರೆ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ. 180 ವ್ಯಾಟ್ ಪಿಸಿ, ಮೇಲೆ ಮಾನಿಟರ್ ಸೇರಿದರೂ ಅದು ಸಾಕಾಗುತ್ತದೆ, ಸೇವ್ ಮಾಡಿ ಆಫ್ ಮಾಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. 250 ದಾಟಬಾರದೆಂದು ಎಳೆದ ಗೆರೆಯಿಂದ ಯುಪಿಎಸ್ ಖರ್ಚಿನಲ್ಲೇ ಎರಡು-ಮೂರು ಸಾವಿರ ಉಳಿಯಿತು.